ಒಬ್ಬರ ಅಡುಗೆಯೂ ಉಳಿದರ್ಧ ತೆಂಗಿನಕಾಯಿಯೂ

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡಿನ ವಿದ್ಯಾನಗರದಲ್ಲಿ ಖಾಸಗಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಊರು ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಮೂರು ಹೊತ್ತೂ ಹೋಟೆಲಾದರೆ ದಿನಕ್ಕೆ 200 ರೂಪಾಯಿಗೆ ಕಡಿಮೆಯಾಗುವುದಿಲ್ಲ. ಹಾಗೆಂದು ಸ್ವಂತ ಅಡುಗೆ ಶುರು ಮಾಡಿದೆ, ಖರ್ಚು ಮಾತ್ರ ಇಳಿಯಲಿಲ್ಲ. ತಂದ ತರಕಾರಿ ಕೊಳೆಯುತ್ತದೆ, ಒಡೆದ ಕಾಯಿ ಮರುದಿನ ಲೋಳೆಯಾಗುತ್ತದೆ, ಸಾಂಬಾರು ಹಳಸುತ್ತದೆ. ಈಗ ಮೊಟ್ಟೆ, ಬ್ರೆಡ್, ಉಪ್ಪಿನಕಾಯಿ ಅನ್ನಕ್ಕೆ ಬಂದು ನಿಂತಿದ್ದೇನೆ. ಒಂದು ಒಲೆಯ ಗ್ಯಾಸ್ ಮತ್ತು ಮಿಕ್ಸಿ ಇದೆ, ಫ್ರಿಜ್ ಇಲ್ಲ. ಹಳೆಯ ಫ್ರಿಜ್ ಒಂದು ಮಾರಾಟಕ್ಕಿದೆ, ಕೊಳ್ಳಲೇ? ಮೀನು ತಿನ್ನುತ್ತೇನೆ. ಶನಿವಾರ ಊರಿಗೆ ಹೋಗಿ ಭಾನುವಾರ ಸಂಜೆ ಮರಳುತ್ತೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಸಾಮಾನಿನ ದರದ ಬಗ್ಗೆ ಒಂದು ದೂರೂ ಇಲ್ಲ. ಇರುವ ದೂರೆಲ್ಲ ಕೊಳೆತದ್ದರ, ಹಳಸಿದ್ದರ ಬಗ್ಗೆ. ಕಾರಣವೂ ಅಲ್ಲಿಯೇ ಇದೆ. ನೀವು ಮಾಡುತ್ತಿರುವುದು ಐದು ಜನರ ಮನೆಯ ಅಡುಗೆ, ಉಣ್ಣುವವನು ಮಾತ್ರ ಒಬ್ಬ. ಊರಿನ ಮನೆಯಲ್ಲಿ ಒಂದು ಕಾಯಿ ಒಡೆದರೆ ಮಧ್ಯಾಹ್ನದೊಳಗೆ ಖಾಲಿ. ಒಂದು ಸಾಂಬಾರು ಸೌತೆ ಕೊಯ್ದರೆ ಒಂದೇ ಊಟಕ್ಕೆ ಮುಗಿಯುತ್ತದೆ. ಅದೇ ಕಾಯಿ, ಅದೇ ಸೌತೆ ನಿಮ್ಮ ಕೋಣೆಯಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ. ಆದ್ದರಿಂದ ಯಾವುದನ್ನೇ ಒಡೆಯುವ, ಕೊಯ್ಯುವ, ನೆನೆಸುವ ಮೊದಲು ಅದರ ಉಳಿದ ಭಾಗ ಯಾವ ಹೊತ್ತಿನ ಊಟಕ್ಕೆ ಹೋಗುತ್ತದೆ ಎಂದು ನಿಶ್ಚಯಿಸಿಕೊಳ್ಳಿ. ನಿಶ್ಚಯವಾಗದಿದ್ದರೆ ಅದನ್ನು ಮುಟ್ಟಬೇಡಿ. ನಾನು ಹೇಳಲಿರುವುದೆಲ್ಲ ಇದರ ವಿಸ್ತಾರವೇ.

ಮೊದಲು, ಅಡುಗೆಯ ಅಂಕಣದಲ್ಲಿ ಹೇಳಬಾರದ ಒಂದು ಮಾತು: ಮಧ್ಯಾಹ್ನದ ಊಟ ಸದ್ಯಕ್ಕೆ ಹೊರಗೇ ಇರಲಿ. ಅನ್ನ, ಸಾರು, ಪಲ್ಯ, ಮಜ್ಜಿಗೆ, ಮೇಲೊಂದು ಉಪ್ಪಿನಕಾಯಿ ಇಷ್ಟನ್ನೂ ಒಬ್ಬನಿಗಾಗಿ ಮಾಡಹೊರಟರೆ ಹೋಟೆಲಿನವರು ಕೇಳುವ ದರಕ್ಕೆ ಮಾಡಲಾಗುವುದಿಲ್ಲ. ಕೇರಳದ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರು ನಡೆಸುವ ಊಟದ ಮನೆ ಕಚೇರಿಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ದುಡ್ಡು ನಿಜವಾಗಿ ಸೋರುವುದು ಬೆಳಗ್ಗಿನ ಎರಡು ಪೂರಿಗೆ ಮತ್ತು ರಾತ್ರಿಯ ಪರೋಟಕ್ಕೆ. ಆ ಎರಡು ಹೊತ್ತನ್ನು ಕೋಣೆಗೆ ತನ್ನಿ. ಸಂಜೆ ಒಂದೇ ಸಲ ಒಲೆ ಹೊತ್ತಿಸಿ ರಾತ್ರಿಯ ಊಟ ಮತ್ತು ಮರುದಿನ ಬೆಳಗ್ಗಿನ ಗಂಜಿ, ಎರಡಕ್ಕೂ ದಾರಿ ಮಾಡಿಕೊಳ್ಳಬಹುದು. ಕೈ ಪಳಗಿದ ಮೇಲೆ ಮಧ್ಯಾಹ್ನದ ಬುತ್ತಿಯ ಯೋಚನೆ ಮಾಡಿ.

ಇನ್ನು ತೆಂಗಿನಕಾಯಿ. ನಮ್ಮ ಕಡೆಯ ಅಡುಗೆಯಲ್ಲಿ ಒಂಟಿ ಮನುಷ್ಯನನ್ನು ಸೋಲಿಸುವುದು ಇದೇ. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆಯ ದರ ಲೀಟರಿಗೆ 400 ರೂಪಾಯಿ ದಾಟಿದ ಮೇಲೆ ಕಾಯಿಯನ್ನು ಕೈಗೆತ್ತಿಕೊಳ್ಳುವಾಗ ಎಲ್ಲರೂ ಒಮ್ಮೆ ಯೋಚಿಸುತ್ತಾರೆ. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇರುವ ಊರಿನಲ್ಲಿಯೇ ಕಾಯಿಯನ್ನು ಹೀಗೆ ಎಣಿಸಿ ಒಡೆಯುವ ಕಾಲ ಬಂದಿತಲ್ಲ! ನಿಮಗೆ ಊರಿನಿಂದ ಬರುತ್ತದೆ ಎಂದುಕೊಳ್ಳುತ್ತೇನೆ. ಅಮ್ಮನ ಹತ್ತಿರ ಎರಡು ವಿಷಯ ಹೇಳಿ. ದೊಡ್ಡ ಕಾಯಿ ಬೇಡ, ಸಣ್ಣ ಗಾತ್ರದ್ದು ಬೇಕು. ಸುಲಿಯುವಾಗ ಜುಟ್ಟು ತೆಗೆಯಬಾರದು. ಜುಟ್ಟು ಕಣ್ಣುಗಳನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ಕಿತ್ತರೆ ಮೆತ್ತಗಿನ ಕಣ್ಣಿನಿಂದ ತೇವವೂ ಬೂಷ್ಟೂ ಒಳಗಿಳಿಯುತ್ತವೆ. ಅಂಗಡಿಯಲ್ಲಿ ಕೊಳ್ಳುವುದಾದರೆ, ಇಲ್ಲಿ ಕಾಯಿಯನ್ನು ತೂಕಕ್ಕೆ ಮಾರುವುದರಿಂದ ಸಣ್ಣದನ್ನು ಆರಿಸಿದರೆ ನಷ್ಟವೇನೂ ಇಲ್ಲ. ಅಲ್ಲಾಡಿಸಿದಾಗ ನೀರು ಕುಲುಕಬೇಕು, ಕಣ್ಣಿನ ಸುತ್ತ ಒದ್ದೆ ಕಲೆ ಇರಬಾರದು.

ಕಾಯಿ ಒಡೆಯುವುದು ಸಂಜೆ, ಅಡುಗೆ ಶುರುವಾಗುವ ಹೊತ್ತಿಗೆ. ಕಣ್ಣಿರುವ ಹೋಳು ಬೇಗ ಕೆಡುತ್ತದೆ, ಅದನ್ನೇ ಮೊದಲು ತುರಿಯಿರಿ. ಅದರಲ್ಲಿ ಅರ್ಧದಷ್ಟು ಆ ರಾತ್ರಿಯ ಮೇಲಾರಕ್ಕೆ. ಬೆಂದ ಸೌತೆ ಅಥವಾ ಬಸಳೆಗೆ ಕಾಯಿ, ಹಸಿಮೆಣಸು, ಸ್ವಲ್ಪ ಜೀರಿಗೆ ರುಬ್ಬಿ ಹಾಕಿ, ಹುಳಿ ಮಜ್ಜಿಗೆ ಸೇರಿಸಿ, ಒಂದು ಕುದಿ ಬರುವ ಮೊದಲೇ ಇಳಿಸಿ ಒಗ್ಗರಣೆ ಕೊಟ್ಟರಾಯಿತು. ಉಳಿದ ತುರಿ ಬೆಳಗ್ಗಿನ ತಂಬುಳಿಗೆ ಅಥವಾ ಚಟ್ನಿಗೆ. ಕಣ್ಣಿಲ್ಲದ ಹೋಳಿನ ಒಳಮೈಗೆಲ್ಲ ಉಪ್ಪು ಉಜ್ಜಿ, ಗಾಳಿಯಾಡುವ ಕಡೆ ಕವುಚಿ ಇಡಿ. ಮರುದಿನ ಸಂಜೆಯವರೆಗೆ ಅದು ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಈ ಮಳೆಗಾಲದಲ್ಲಿ ನಂಬಬೇಡಿ.

ಮರುದಿನ ಸಂಜೆ ಆ ಹೋಳನ್ನು ಪೂರ್ತಿ ತುರಿದು ಹುರಿದು ಬಿಡಿ. ಉಪ್ಪು ಉಜ್ಜಿದ ಹೋಳನ್ನು ಮೊದಲು ಬೇಗನೆ ತೊಳೆದು ಒರೆಸಿ. ಸಣ್ಣ ಬಾಣಲೆಯಲ್ಲಿ ಒಂದು ಚಮಚ ತೆಂಗಿನೆಣ್ಣೆ, ನಾಲ್ಕೈದು ಒಣಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತೆ, ಚೂರು ಇಂಗು, ಒಂದು ಗರಿ ಕರಿಬೇವು ಇವನ್ನು ಹುರಿದು ತೆಗೆಯಿರಿ. ಅದೇ ಬಾಣಲೆಗೆ ತುರಿ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಿ. ಮೊದಲು ಹಬೆ ಏಳುತ್ತದೆ, ಬಳಿಕ ತುರಿ ಬಿಡಿಬಿಡಿಯಾಗುತ್ತದೆ, ಆಮೇಲೆ ಅಂಚು ಕೆಂಪಾಗುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಇಡೀ ತುರಿ ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ತೇವ ಪೂರ್ತಿ ಹೋದರೆ ಮಾತ್ರ ಅದು ಬಾಳುತ್ತದೆ. ತಣಿದ ಮೇಲೆ ಎಲ್ಲವನ್ನೂ ನೀರು ಮುಟ್ಟಿಸದೆ ಪುಡಿ ಮಾಡಿ ಒಣ ಬಾಟಲಿಗೆ ತುಂಬಿಸಿ. ಮಲಯಾಳಿ ಮನೆಗಳ ಚಮ್ಮಂದಿ ಪುಡಿ ದಿನಗಟ್ಟಲೆ ಬಾಳುವುದೂ ಹೀಗೆಯೇ. ಬೆಂದ ಯಾವುದೇ ತರಕಾರಿಗೆ ಹುಣಸೆ ಹುಳಿ, ಉಪ್ಪು, ಈ ಪುಡಿ ಎರಡು ಚಮಚ ಹಾಕಿ ಕುದಿಸಿದರೆ ಒಬ್ಬನಿಗೆ ಬೇಕಾದಷ್ಟೇ ಸಾಂಬಾರು ಸಿದ್ಧ. ಮುಂದಿನ ವಾರದವರೆಗೆ ಇನ್ನೊಂದು ಕಾಯಿ ಒಡೆಯುವ ಪ್ರಮೇಯವಿಲ್ಲ. ಒಂದು ಎಚ್ಚರ: ಲೋಳೆಯಾದ, ಹಳದಿ ತಿರುಗಿದ ಕಾಯಿಯನ್ನು ಹುರಿದು ಉಳಿಸಲು ಹೋಗಬೇಡಿ. ಅದು ಗೊಬ್ಬರಕ್ಕೆ.

ಮಿಕ್ಸಿಯ ಬಗ್ಗೆಯೂ ಒಂದು ಮಾತು. ದೊಡ್ಡ ಜಾರಿಗೆ ಒಂದು ಹಿಡಿ ತುರಿ ಹಾಕಿದರೆ ಅದು ಗೋಡೆಗೆ ಅಂಟಿ ಕುಳಿತುಕೊಳ್ಳುತ್ತದೆ, ಅಲಗು ಬರಿದೇ ತಿರುಗುತ್ತದೆ. ಆಗ ನೀವು ಇನ್ನಷ್ಟು ತುರಿ ಹಾಕುತ್ತೀರಿ, ಇಲ್ಲವೇ ನೀರು ಸುರಿದು ಸಾರನ್ನು ತೆಳ್ಳಗೆ ಮಾಡುತ್ತೀರಿ. ಎರಡೂ ನಷ್ಟವೇ. ಚಟ್ನಿ ಅರೆಯುವ ಸಣ್ಣ ಜಾರು ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. ತಂಬುಳಿಗೆ ರುಬ್ಬುವಾಗ ನೀರಿನ ಬದಲು ಹಾಕಬೇಕಾದ ಮಜ್ಜಿಗೆಯಲ್ಲಿಯೇ ಸ್ವಲ್ಪ ಹಾಕಿ ರುಬ್ಬಿ. ತಂಬುಳಿಯಂತೂ ಒಂಟಿಯವರಿಗಾಗಿಯೇ ಇದ್ದಂತಿದೆ. ಒಂದು ಹಿಡಿ ಒಂದೆಲಗ ಅಥವಾ ಪೇರಳೆಯ ಚಿಗುರು, ಎರಡು ಚಮಚ ಕಾಯಿತುರಿ, ನಾಲ್ಕು ಕಾಳುಮೆಣಸು, ಚಿಟಿಕೆ ಜೀರಿಗೆ, ಒಂದು ಲೋಟ ಮಜ್ಜಿಗೆ. ಚಿಗುರನ್ನು ಸ್ವಲ್ಪ ತುಪ್ಪದಲ್ಲಿ ಬಾಡಿಸುವಷ್ಟಕ್ಕೆ ಮಾತ್ರ ಒಲೆ ಬೇಕು. ಏನೂ ಸಿಗದ ದಿನ ಮೆಂತೆ ಅಥವಾ ಶುಂಠಿ ಸಾಕು. ಮಜ್ಜಿಗೆಗಾಗಿ ಅರ್ಧ ಲೀಟರಿನ ಹಾಲು ತಂದು ಕಾಯಿಸಿ, ಚಹಾಕ್ಕೆ ಬೇಕಾದಷ್ಟು ತೆಗೆದು ಉಳಿದದ್ದಕ್ಕೆ ಹೆಪ್ಪು ಹಾಕಿ. ಮೊಸರು ಹುಳಿಯಾದರೆ ಮೇಲಾರಕ್ಕೆ ಅದೇ ಬೇಕು.

ಕಾಯಿಯೇ ಬೇಡದ ಅಡುಗೆಯೂ ನಮ್ಮಲ್ಲಿ ಧಾರಾಳವಾಗಿದೆ. ಸಮಾರಂಭದ ಎಲೆಗೆ ಬಾರದ ಕಾರಣ ಎಲ್ಲರೂ ಮರೆಯುತ್ತಾರೆ, ಅಷ್ಟೆ. ಹವ್ಯಕರ ಮನೆಗಳಲ್ಲಿ ಮಾಡುವ ಬೋಳು ಕೊದಿಲನ್ನೇ, ಅಂದರೆ ಕಾಯಿ ಹಾಕದ ಸಾಂಬಾರನ್ನೇ ನೋಡಿ. ಸೌತೆಯನ್ನು ಸಿಪ್ಪೆಸಹಿತ ದೊಡ್ಡ ಹೋಳು ಮಾಡಿ, ಉಪ್ಪು, ಸೀಳಿದ ಹಸಿಮೆಣಸು, ಚೂರು ಬೆಲ್ಲ, ಬೇಕಿದ್ದರೆ ಸ್ವಲ್ಪ ಹುಣಸೆ ಹುಳಿ ಹಾಕಿ ಬೇಯಿಸುವುದು. ಕೊನೆಗೆ ತೆಂಗಿನೆಣ್ಣೆಯಲ್ಲಿ ನಾಲ್ಕೈದು ಎಸಳು ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವಂತೆ ಒಗ್ಗರಣೆ. ಇಷ್ಟೇ. ಹಲಸಿನ ಬೀಜದಲ್ಲಿಯೂ ಇದು ಆಗುತ್ತದೆ. ಬೇಳೆಯಿಲ್ಲ, ಕಾಯಿಯಿಲ್ಲ, ಮಿಕ್ಸಿ ತೊಳೆಯುವ ಕೆಲಸವಿಲ್ಲ. ಪುನರ್ಪುಳಿಯ (ಕೋಕಂ) ಸಾರು ಇದಕ್ಕಿಂತಲೂ ಸುಲಭ. ಐದಾರು ಒಣ ಸಿಪ್ಪೆ, ಉಪ್ಪು, ಬೆಲ್ಲ, ಒಂದು ಮೆಣಸು ಹಾಕಿ ಕುದಿಸಿ ಒಗ್ಗರಣೆ ಹಾಕಿ. ಅನ್ನ ಬಸಿಯುವಷ್ಟರಲ್ಲಿ ಮುಗಿಯುತ್ತದೆ.

ಸೌತೆ ಅಂದೆನಲ್ಲ, ಅದನ್ನು ಇಡಿಯಾಗಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ಇಳಿಬಿಟ್ಟದ್ದನ್ನು ಊರಿನ ಮನೆಗಳಲ್ಲಿ ನೋಡಿರುತ್ತೀರಿ. ಕೊಯ್ದ ಮೇಲೆ ಮೊದಲು ಕೆಡುವುದು ಒಳಗಿನ ತಿರುಳು. ಕೊಯ್ದ ಕೂಡಲೇ ಬೀಜದೊಂದಿಗೆ ಅದನ್ನು ಪೂರ್ತಿ ಚಮಚದಲ್ಲಿ ಕೆರೆದು ತೆಗೆದು, ರುಬ್ಬಿ ಸೋಸಿ ಅದೇ ದಿನ ತಂಬುಳಿಗೆ ಬಳಸಿ. ಬರಿದಾದ ಹೋಳು ಮರುದಿನಕ್ಕೆ ತಡೆಯುತ್ತದೆ. ಅರ್ಧ ಕಿಲೋ ಮೀರದ ಸೌತೆ ಹುಡುಕಿ ತನ್ನಿ, ಎರಡು ಸಂಜೆಗೆ ಸರಿಹೋಗುತ್ತದೆ. ಟೊಮೆಟೊ, ಬೀನ್ಸ್ ಮುಂತಾದವನ್ನು ಎರಡು ದಿನಕ್ಕೆ ಸಾಕಾಗುವಷ್ಟು ಮಾತ್ರ ಕೊಳ್ಳಿ. ಬಿಡಿಬಿಡಿಯಾಗಿ ನಾಲ್ಕು ಬೆಂಡೆ, ಎರಡು ಬದನೆ ಆರಿಸಲು ಸಂಕೋಚ ಬೇಡ, ತೂಗಿ ಕೊಡುವವರಿಗೆ ಅದು ಮಾಮೂಲು.

ದೊಡ್ಡ ಪ್ಯಾಕೆಟ್ ಅಗ್ಗ ಎಂಬ ಮಾತು ಒಂಟಿಯವರಿಗೆ ಅನ್ವಯಿಸುವುದಿಲ್ಲ. ಜೂನ್ ಕಳೆಯುವುದರೊಳಗೆ ಉಪ್ಪು ನೀರಾಗುವ ಊರು ನಮ್ಮದು. ಒಂದು ಕಿಲೋ ರವೆ ನೀವು ಮುಗಿಸುವ ಮೊದಲು ಹುಳ ಮುಗಿಸುತ್ತದೆ. ಮೆಣಸಿನ ಪುಡಿ, ಕೊತ್ತಂಬರಿ ಪುಡಿ ಗಂಟುಕಟ್ಟುತ್ತವೆ. ಪುಡಿಗಿಂತ ಇಡೀ ಬೀಜ ಹೆಚ್ಚು ಬಾಳುತ್ತದೆ, ಆದ್ದರಿಂದ ಇಡಿಯಾಗಿಯೇ ಕೊಂಡು ಬೇಕಾದಾಗ ಹುರಿದುಕೊಳ್ಳಿ. ದೊಡ್ಡ ಪ್ಯಾಕೆಟ್ ಬೇಡ ಎಂಬುದಕ್ಕೆ ಅಪವಾದ ಕುಚ್ಚಲಕ್ಕಿ, ಬೆಲ್ಲ ಮತ್ತು ಹುಣಸೆಹುಳಿ.

ಕುಚ್ಚಲಕ್ಕಿಯ ತೊಂದರೆ ಗೊತ್ತೇ ಇದೆ, ಬೇಯಲು ತುಂಬಾ ಹೊತ್ತು ಬೇಕು. ಆದರೆ ಅದನ್ನು ಬಿಡಬೇಡಿ. ಭತ್ತವನ್ನು ಕುದಿಸುವಾಗ ತವುಡಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನೊಳಗೆ ಇಳಿಯುತ್ತದೆ. ಜೊತೆಗೆ ಅನ್ನ ಬಸಿದ ತೆಳಿ ಸಿಗುತ್ತದೆ, ಬೆಳಗ್ಗಿನ ಗಂಜಿಗೆ ಬೆಳ್ತಿಗೆಗಿಂತ (ಕುದಿಸದ ಭತ್ತದ ಬಿಳಿ ಅಕ್ಕಿಗಿಂತ) ಇದೇ ಸರಿ. ಗ್ಯಾಸ್ ಉಳಿಸಲು, ಜನರಲ್ಲಿ ವಿಜ್ಞಾನ ಹರಡುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಮನೆಮನೆಗೆ ಪರಿಚಯಿಸಿದ ಚೂಡಾರಪ್ಪೆಟ್ಟಿ ಎಂಬ ಬಿಸಿಪೆಟ್ಟಿಗೆಯ ಬಗ್ಗೆ ಕೇಳಿರಬಹುದು. ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಮುಚ್ಚಿ, ಶಾಖ ಹೊರಹೋಗದಂತೆ ಪೆಟ್ಟಿಗೆಯೊಳಗೆ ಇಟ್ಟರೆ ಉಳಿದ ಬೇಯುವಿಕೆ ತನ್ನಿಂದ ತಾನೇ ಆಗುತ್ತದೆ. ಒಬ್ಬನ ಅಳತೆಗೆ ಮಾತ್ರ ಒಂದು ತೊಡಕು: ಸಣ್ಣ ಪಾತ್ರೆ ಬೇಗ ತಣಿಯುತ್ತದೆ. ಅದಕ್ಕೆ ಅಕ್ಕಿ ಕಡಿಮೆಯಾದರೂ ನೀರು ಪಾತ್ರೆಯ ತುಂಬ ಇರಲಿ. ಕುಚ್ಚಲಕ್ಕಿಯನ್ನು ಹೇಗಿದ್ದರೂ ಬಸಿಯುತ್ತೇವೆ, ಹೆಚ್ಚಿನ ನೀರಿನಿಂದ ಕೆಡುಕಿಲ್ಲ. ಬೆಳಗ್ಗೆ ಕಚೇರಿಗೆ ಹೊರಡುವಾಗ ಅಕ್ಕಿ ನೆನೆಹಾಕಿ. ಸಂಜೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಸ್ನಾನ, ಬಟ್ಟೆ ಮುಗಿಸಿ ಬನ್ನಿ. ತೆಗೆದು ನೋಡಿ, ಬೇಕಾದರೆ ಐದು ನಿಮಿಷ ಮತ್ತೆ ಕುದಿಸಿ. ಅಷ್ಟರಲ್ಲಿ ನಿಮ್ಮ ಒಂದೇ ಒಲೆ ಸಾರಿಗೆ ಬಿಡುವಾಗಿರುತ್ತದೆ. ಇದು ರಗಳೆ ಎನಿಸಿದರೆ ಎರಡು ಲೀಟರಿನ ಕುಕ್ಕರ್ ತನ್ನಿ. ಐದು ಲೀಟರಿನದು ಬೇಡವೇ ಬೇಡ.

ಅಳತೆ ಒಂದು ಹೊತ್ತಿಗೆ ಸುಮಾರು 100 ಗ್ರಾಂ ಅಕ್ಕಿ. ರಾತ್ರಿಗೂ ಬೆಳಗ್ಗೆಗೂ ಸೇರಿ ಅದರ ಎರಡರಷ್ಟು. ಬೆಳಗ್ಗಿನ ಪಾಲನ್ನು ಮಲಗುವಾಗ ನೆನಪಾಗಿ ಎತ್ತಿಡುವುದಲ್ಲ. ಬಸಿದ ಕೂಡಲೇ ಬೇರೆ ಪಾತ್ರೆಗೆ ಹರವಿ ಆರಿಸಿ, ಕುದಿಸಿ ತಣಿಸಿದ ನೀರಿನಲ್ಲಿ ಮುಳುಗಿಸಿಡಿ. ಬಿಸಿ ಅನ್ನ ಮುಚ್ಚಳದೊಳಗೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗ್ಗೆ ಹಿತವಾದ ಹುಳಿ ವಾಸನೆ ಇದ್ದರೆ ಮಜ್ಜಿಗೆ, ಉಪ್ಪು, ಜಜ್ಜಿದ ಸಣ್ಣ ಈರುಳ್ಳಿ, ಒಂದು ಗಾಂಧಾರಿ ಮೆಣಸು ಸೇರಿಸಿ ಉಣ್ಣಿ. ಅಂಟಂಟಾಗಿದ್ದರೆ ಅಥವಾ ವಾಸನೆ ಬೇರೆಯಾಗಿದ್ದರೆ ಚೆಲ್ಲಿ. ಗಂಜಿ ಬೇಸರ ಬಂದ ದಿನ ನೀರುದೋಸೆ. ಅದಕ್ಕೆ ಉದ್ದು ಬೇಡ, ಹುದುಗಬೇಕಾಗಿಲ್ಲ, ಉಳಿಯುವ ಹಿಟ್ಟಿಲ್ಲ. ರಾತ್ರಿ ಅರ್ಧ ಲೋಟ ಬೆಳ್ತಿಗೆ ಅಕ್ಕಿ ನೆನೆಹಾಕಿದರೆ ಬೆಳಗ್ಗೆ ಸಣ್ಣ ಜಾರಿನಲ್ಲಿಯೇ ನುಣ್ಣಗಾಗುತ್ತದೆ.

ಉಪ್ಪಿನಕಾಯಿ ಅನ್ನದ ವಿಷಯಕ್ಕೆ ಬರುತ್ತೇನೆ. ಅದರಿಂದ ದುಡ್ಡು ಉಳಿಯುತ್ತದೆ ನಿಜ, ಮೈಗೆ ಏನೂ ಉಳಿಯುವುದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದೇಹತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನೀವು 60 ಕಿಲೋ ಇದ್ದರೆ ಸುಮಾರು 50 ಗ್ರಾಂ. ದಿನದ ಅನ್ನದಿಂದ 20 ಗ್ರಾಂ ಆಸುಪಾಸು ಸಿಗುತ್ತದೆ. ಉಳಿದದ್ದನ್ನು ಕಾಳು, ಹಾಲು, ಮೊಟ್ಟೆ, ಮೀನು ತುಂಬಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ, ಹುರುಳಿಯಲ್ಲಿ 22 ಗ್ರಾಂ. ಹಣಕ್ಕೆ ತಕ್ಕ ಪ್ರೋಟೀನ್ ಯಾವುದೆಂದು ಕೇಳಿದರೆ ನನ್ನ ಉತ್ತರ ಹುರುಳಿ. ಒಂದು ಹಿಡಿ ಬೆಳಗ್ಗೆ ನೆನೆಹಾಕಿ ಸಂಜೆ ಬೇಯಿಸಿದರೆ, ಬೆಂದ ನೀರು ಬೆಳ್ಳುಳ್ಳಿ ಒಗ್ಗರಣೆಯ ಸಾರಿಗೆ, ಕಾಳು ನಿಮ್ಮ ಹುರಿದ ಪುಡಿ ಉದುರಿಸಿದ ಪಲ್ಯಕ್ಕೆ. ಹೆಸರುಕಾಳು ಗಂಜಿಯ ಜೊತೆಗೆ. ಬೆಂದ ಕಾಳನ್ನು ಮರುದಿನ ಸಂಜೆಗೆ ಇಡಬೇಡಿ.

ಮೀನಿನಲ್ಲಿ ಒಬ್ಬನಿಗೆ ಬೂತಾಯಿಯೇ (ಸಾರ್ಡಿನ್) ಸರಿ, ಆರೇಳು ಮೀನು ಎರಡು ಹೊತ್ತಿಗಾಯಿತು. ಪ್ರತಿ ವರ್ಷ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ದರ ಏರುತ್ತದೆ. ನಾಡದೋಣಿಗಳಿಗೆ ನಿಷೇಧವಿಲ್ಲದ್ದರಿಂದ ಬೂತಾಯಿ, ಬಂಗುಡೆ ಆಗೀಗ ಬರುತ್ತವೆ. ಬಂದ ದಿನ ಕೊಳ್ಳಿ, ಇಲ್ಲದ ದಿನ ಸುಟ್ಟ ಒಣಮೀನಿನ ಒಂದು ತುಂಡು ಗಂಜಿಗೆ ಸಾಕು. ಅಗ್ಗಕ್ಕೆ ಸಿಗುತ್ತದೆಂದು ದಿನವಿಡೀ ಮಂಜುಗಡ್ಡೆಯಿಲ್ಲದೆ ಕುಳಿತ ಮೀನನ್ನು ಮಾತ್ರ ತರಬೇಡಿ. ಈ ಎರಡು ಜಾತಿಯ ಮೀನು ಬಿಸಿಲಲ್ಲಿ ಕುಳಿತರೆ ಹಿಸ್ಟಮಿನ್ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ, ಮುಖ ಕೆಂಪೇರಿ ಮೈ ತುರಿಸುತ್ತದೆ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು. ಕಾಯಿ ಹಾಕದೆ ಕುಡಂಪುಳಿಯಲ್ಲಿ (ಒಣಗಿಸಿದ ಮಂತುಹುಳಿ) ಮಾಡಿದ ಮೀನಿನ ಸಾರು ರಾತ್ರಿ ಮಲಗುವ ಮೊದಲು ಒಮ್ಮೆ, ಬೆಳಗ್ಗೆ ಇನ್ನೊಮ್ಮೆ ಕುದಿಸಿದರೆ ಗಂಜಿಯ ಹೊತ್ತಿಗೆ ರುಚಿ ಹೆಚ್ಚಾಗಿರುತ್ತದೆ. ಕಾಯಿ ಅರೆದು ಹಾಕಿದ್ದು ಹಾಗೆ ತಡೆಯುವುದಿಲ್ಲ.

ಭಾನುವಾರ ಸಂಜೆ ಚೆರ್ಕಳದ ಬಸ್ಸು ಹತ್ತುವಾಗ ಅಮ್ಮ ಕಟ್ಟಿಕೊಡುವ ಚೀಲದ ಬಗ್ಗೆ. ಬಾಟಲಿಯಲ್ಲಿ ಸಾಂಬಾರು, ಕೊಯ್ದ ತರಕಾರಿ, ಹಣ್ಣಾದ ಹಲಸಿನ ತೊಳೆ ಇವನ್ನು ನಯವಾಗಿ ಬೇಡವೆನ್ನಿ. ಕೇಳಿ ತರಬೇಕಾದದ್ದು ಕುಚ್ಚಲಕ್ಕಿ, ಒಣ ಪುನರ್ಪುಳಿ, ಹಪ್ಪಳ, ಮಜ್ಜಿಗೆ ಮೆಣಸು, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಸಣ್ಣ ಬಾಟಲಿಯಲ್ಲಿ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನಕಾಯಿಯ ಸೊಳೆ). ಉಪ್ಪುಸೊಳೆಯನ್ನು ರಾತ್ರಿ ನೀರಿನಲ್ಲಿ ಬಿಟ್ಟು ಬೆಳಗ್ಗೆ ಹಿಂಡಿದರೆ ಪಲ್ಯಕ್ಕೆ ತರಕಾರಿ ಕೊಳ್ಳಬೇಕಾಗಿಲ್ಲ. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೂ ಮಳೆ ಬಿದ್ದ ಕೂಡಲೇ ಅರ್ಧಕ್ಕರ್ಧ ಮರದಡಿಯಲ್ಲೇ ಕೊಳೆಯುತ್ತದೆ. ಬೀಜಗಳನ್ನಾದರೂ ಕೆಮ್ಮಣ್ಣು ಸವರಿ ಒಣಗಿಸಿ ಇಟ್ಟುಕೊಳ್ಳಿ, ಮಳೆಗಾಲವಿಡೀ ಬೋಳು ಕೊದಿಲಿಗೆ ಆಗುತ್ತದೆ. ಮನೆಯ ರೇಷನ್ ಕಾರ್ಡಿನಲ್ಲಿ ಕೇರಳದ ನಾಗರಿಕ ಪೂರೈಕೆ ನಿಗಮವಾದ ಸಪ್ಲೈಕೋದ ಮಾವೇಲಿ ಅಂಗಡಿಯಿಂದ ಹೆಸರು, ಕಡಲೆ, ತೊಗರಿ ಸಬ್ಸಿಡಿ ದರದಲ್ಲಿ ಸಿಗುತ್ತದೆ. ಮನೆಯವರು ಆ ಪಾಲನ್ನು ಪ್ರತಿ ತಿಂಗಳು ತರುತ್ತಾರೆಯೇ ಎಂದು ವಿಚಾರಿಸಿ. ತರದೆ ಬಿಟ್ಟಿದ್ದರೆ ಆ ಕಾಳು ನಿಮ್ಮ ಕೋಣೆಗೆ ಬರಲಿ.

ಇನ್ನು ಫ್ರಿಜ್. ಈಗ ಬೇಡ. ಉಳಿಸುವ ಅಭ್ಯಾಸವಿಲ್ಲದವರ ಫ್ರಿಜ್ ಕೊಳೆಯುವುದನ್ನು ನಾಲ್ಕು ದಿನ ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ಅದೇ ಹಣದ ಸಣ್ಣ ಪಾಲಿನಲ್ಲಿ ಚಟ್ನಿ ಜಾರು, ಎರಡು ಲೀಟರಿನ ಕುಕ್ಕರ್, ಮುಚ್ಚಳ ಬಿಗಿಯಾದ ನಾಲ್ಕು ಬಾಟಲಿ ಬರುತ್ತವೆ. ಮಳೆಗಾಲ ಮುಗಿಯುವವರೆಗೆ ಇವುಗಳಲ್ಲಿ ನಡೆಸಿ ನೋಡಿ. ಆಮೇಲೂ ಬೇಕೆನಿಸಿದರೆ ಒಂದೇ ಬಾಗಿಲಿನ ಸಣ್ಣದು ಸಾಕು. ಕೋಣೆಯ ಕರೆಂಟು ಬಾಡಿಗೆಯೊಳಗೇ ಸೇರಿದೆಯೇ, ಬೇರೆ ಮೀಟರಿದೆಯೇ ಎಂದು ಮನೆಯ ಮಾಲಿಕರಲ್ಲಿ ಮೊದಲೇ ಕೇಳಿಕೊಳ್ಳಿ. ಹಳೆಯದನ್ನೇ ಕೊಳ್ಳುವುದಾದರೆ ಬಾಗಿಲಿನ ರಬ್ಬರಿಗೆ ತಾಗುವಂತೆ ಒಂದು ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ನಾಲ್ಕೈದು ಕಡೆ ಹೀಗೆ ಮಾಡಿ. ನೋಟು ಸಲೀಸಾಗಿ ಜಾರಿ ಬಂದರೆ ತಂಪು ಹೊರಗೆ ಸೋರುತ್ತದೆ, ಯಂತ್ರ ಹಗಲು ರಾತ್ರಿ ಓಡುತ್ತದೆ. ರಬ್ಬರ್ ಬದಲಿಸಿ ಕೊಡದೆ ಹಣ ಕೊಡಬೇಡಿ.